ಗಂಡಸಮುದ್ರದ ದಡದ ಬುದ್ಧನೂ ಗಣಕಯಂತ್ರದ ಕುಂಚವೂ

ಮಿರಜ ಸೀಮೆಗೂ ಬುದ್ಧನಿಗೂ ಏನು ನಂಟು ಎಂದು ಕೇಳಿದರೆ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಅನೇಕರು ಕ್ಷಣಕಾಲ ಯೋಚಿಸಬೇಕಾದೀತು. ಆದರೆ ನಂಟು ಉಂಟು. ಅದಕ್ಕೆ ತಾಮ್ರಪಟದ ಆಧಾರವೂ ಉಂಟು. ಕೊಲ್ಲಾಪುರದ ಶಿಲಾಹಾರ ಅರಸನಾದ ಗಂಡರಾದಿತ್ಯನು ಮಿರಿಂಜೆ ನಾಡಿನ ಇರುಕುಡಿಯಲ್ಲಿ ತನ್ನ ಹೆಸರಿನ ಗಂಡಸಮುದ್ರವೆಂಬ ದೊಡ್ಡ ಕೆರೆಯನ್ನು ಕಟ್ಟಿಸಿದನು. ಅದರ ದಡದಲ್ಲಿ ಈಶ್ವರ, ಬುದ್ಧ, ಅರ್ಹಂತ ಈ ಮೂವರನ್ನೂ ಪ್ರತಿಷ್ಠಿಸಿ, ಒಬ್ಬೊಬ್ಬರಿಗೂ ಬೇರೆಬೇರೆ ಭೂಮಿಯನ್ನು ದತ್ತಿ ಬಿಟ್ಟನು. ಶಕವರ್ಷ 1032ರ, ಎಂದರೆ ಸುಮಾರು ಕ್ರಿ. ಶ. 1110ರ, ತಾಳಲೆಯ ತಾಮ್ರಶಾಸನವು ಇದನ್ನು ಹೇಳುತ್ತದೆ. ಇದಕ್ಕೆ ಕೆಲವೇ ವರ್ಷ ಮುಂಚೆ, 1095ರಲ್ಲಿ, ಡಂಬಳದ ಶಾಸನವು ಅಲ್ಲಿಯ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ. ಆ ಕಾಲದಲ್ಲಿಯೂ ನಮ್ಮೀ ನಾಡಿನಲ್ಲಿ ಬೌದ್ಧಧರ್ಮದ ದೀಪ ಪೂರ್ತಿ ಆರಿರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಒಂದೇ ನೀರಿನ ಅಂಚಿನಲ್ಲಿ ಮೂರು ದರ್ಶನಗಳು! ಇಂತಹ ವಿಷಯವನ್ನು ಇಂದಿನ ಚಿತ್ರಕಾರನು ಹೇಗೆ ಬರೆಯಬಹುದು? ಅತಿವಾಸ್ತವ ಪಂಥವನ್ನೂ ಗಣಕಯಂತ್ರದ ಚಿತ್ರವಿಧಾನವನ್ನೂ ಈ ಉದಾಹರಣೆಯ ಮೂಲಕವೇ ವಿವರಿಸಬಯಸುತ್ತೇವೆ.

ಅತಿವಾಸ್ತವವಾದವು 1924ರಲ್ಲಿ ಫ್ರಾನ್ಸಿನ ಕವಿ ಆಂದ್ರೆ ಬ್ರೆತೋನನ ಪ್ರಣಾಳಿಕೆಯೊಡನೆ ಹೊರಟಿತು. ತರ್ಕದ ಕಾವಲನ್ನು ಸರಿಸಿ, ಕನಸಿನಲ್ಲಿ ತೋರುವಂತೆ ವಸ್ತುಗಳನ್ನು ಜೋಡಿಸುವುದು ಅದರ ಮಾರ್ಗ. ಸಾಲ್ವಡಾರ್ ಡಾಲಿಯು 1931ರಲ್ಲಿ ಕರಗಿ ಜೋಲುವ ಗಡಿಯಾರಗಳನ್ನು ಬರೆದನು. ಆದರೆ ಅವುಗಳ ಹಿಂದಿನ ಬಂಡೆಗಳು ಅವನ ಕತಲೋನಿಯಾ ಸೀಮೆಯ ಕಡಲದಂಡೆಯವೇ. ಕನಸಿಗೂ ಸ್ವಂತ ನೆಲ ಬೇಕೆಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಬೌದ್ಧ ವಿಚಾರಕ್ಕೂ ಈ ಪಂಥಕ್ಕೂ ಸಾಮ್ಯವಿದೆ, ಭೇದವೂ ಇದೆ. ಕಣ್ಣಿಗೆ ಗಟ್ಟಿಯೆಂದು ಕಂಡದ್ದು ಗಟ್ಟಿಯಲ್ಲವೆಂದು ಎರಡೂ ಹೇಳುತ್ತವೆ. ಆದರೆ ಅತಿವಾಸ್ತವವಾದವು ಅಡಗಿದ ಬಯಕೆಯನ್ನು ಬಿಡುಗಡೆ ಮಾಡಬಯಸುತ್ತದೆ. ಬುದ್ಧನ ಮಾರ್ಗವು ಬಯಕೆಯಿಂದಲೇ ಬಿಡುಗಡೆಯನ್ನು ಅರಸುತ್ತದೆ. ಈ ಭೇದವನ್ನರಿಯದೆ ಕಮಲದ ಮೇಲೊಂದು ಬುದ್ಧನ ತಲೆಯನ್ನು ತೇಲಿಬಿಟ್ಟರೆ ಅದು ಅಲಂಕಾರವಾದೀತೇ ಹೊರತು ದರ್ಶನವಾಗದು.

ಇನ್ನು ವಿಧಾನ. ಗಣಕದ ಪರದೆಯು ಸಣ್ಣ ಸಣ್ಣ ಚುಕ್ಕೆಗಳ ರಾಶಿ. ಪ್ರತಿ ಚುಕ್ಕೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳು. ಸಾಮಾನ್ಯವಾಗಿ ಒಂದೊಂದಕ್ಕೂ 256 ಮೆಟ್ಟಿಲುಗಳಿದ್ದು, ಅವು ಕೂಡಿ 1,67,77,216 ಬಣ್ಣಗಳಾಗುತ್ತವೆ. ಚಿತ್ರಕಾರನು ಫಲಕದ ಮೇಲೆ ಲೇಖನಿಯನ್ನು ಒತ್ತಿದಷ್ಟೂ ಗೆರೆ ದಪ್ಪವಾಗುವಂತೆ ಮಾಡಬಹುದು. ಎಲ್ಲಕ್ಕೂ ಮುಖ್ಯವಾದದ್ದು ಪದರಗಳ ವ್ಯವಸ್ಥೆ. ಕೆಳಗಿನ ಪದರದಲ್ಲಿ ಕೆರೆಯ ನೀರು. ಅದರ ಮೇಲೆ ಮೂರು ಗುಡಿಗಳ ನೆರಳು. ಅದರ ಮೇಲೆ ಮೋಡ. ಮೇಲಿನ ಪದರವನ್ನು ಅರೆಪಾರದರ್ಶಕವಾಗಿಸಿದರೆ ಕೆಳಗಿನದು ಮೂಡಿಬರುತ್ತದೆ. ಕೆಳಗಿನ ಬಣ್ಣ ಬದಲಾದರೆ ಮೇಲಿನದರ ತೋರಿಕೆಯೂ ಬದಲಾಗುತ್ತದೆ. ಯಾವುದೂ ತನ್ನಷ್ಟಕ್ಕೆ ತಾನೇ ಇಲ್ಲ, ಒಂದನ್ನು ಆಶ್ರಯಿಸಿ ಇನ್ನೊಂದು ಎಂಬ ಪ್ರತೀತ್ಯಸಮುತ್ಪಾದವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ದೃಷ್ಟಾಂತ ನಮಗೆ ತೋರದು.

ಪ್ರಕೃತಿಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಹರಿಪುರದ ಕೃಷ್ಣಾ-ವಾರಣಾ ಸಂಗಮವಿದೆ, ದಂಡೋಬಾ ಗುಡ್ಡವಿದೆ, ಕಬ್ಬಿನ ಹಸಿರೂ ಅರಿಸಿನದ ಹಳದಿಯೂ ಇವೆ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಸಾಂಗಲಿಯ ಬೀದಿಗಳಲ್ಲಿ ಹರಿದಾಗ, ಮನೆಯ ಮಾಳಿಗೆಯ ಬಳಿ ದೋಣಿ ನಿಂತ ನೋಟವನ್ನು ಕಂಡವರಿಗೆ ಅತಿವಾಸ್ತವವನ್ನೂ ಅನಿತ್ಯವನ್ನೂ ಬೇರೆ ಕಲಿಸಬೇಕೆ?

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಗಣಕದ ಚಿತ್ರವು ಇಂದು ಛಾಯಾಚಿತ್ರದಷ್ಟೇ ನಿಜವೆಂಬ ಭ್ರಮೆಯನ್ನು ಹುಟ್ಟಿಸಬಲ್ಲದು. ನಾವು ಬರೆದ ಗುಡಿಯನ್ನು ನಾಳೆ ಯಾರಾದರೂ ಹನ್ನೆರಡನೆಯ ಶತಮಾನದ ಗುಡಿಯೆಂದು ಕೈಯಿಂದ ಕೈಗೆ ದಾಟಿಸಿದರೆ, ಶಾಸನದ ಸತ್ಯಕ್ಕೂ ಕುಂದು ಬರುತ್ತದೆ. ಗಡಿಸೀಮೆಯಲ್ಲಿ ಹಳೆಯ ಕಲ್ಲು, ಹಳೆಯ ಹೆಸರುಗಳ ಮೇಲೆಯೇ ವಾದಗಳೇಳುವುದರಿಂದ ಈ ಜವಾಬ್ದಾರಿ ನಮಗೆ ಇಮ್ಮಡಿ. ಆದುದರಿಂದ ಚಿತ್ರದ ಅಡಿಯಲ್ಲಿ ‘ಕಲ್ಪನೆ’ ಎಂದು ಬರೆಯಿಸಬೇಕು. ಪಕ್ಕದಲ್ಲಿ ಶಾಸನದ ಹೆಸರನ್ನೂ ಶಕವರ್ಷವನ್ನೂ ಕಾಣಿಸಬೇಕು.

ಜತ್ತ, ಮಿರಜ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಒಂದು ಅವಧಿಯನ್ನು ಈ ಪ್ರಯೋಗಕ್ಕೆ ಮೀಸಲಿಡಬಹುದು. ಗಣಕವಿಲ್ಲದಲ್ಲಿ ಎಣ್ಣೆ ಸವರಿದ ಮೂರು ತೆಳು ಕಾಗದಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೂ ಸಾಕು. ಮೊದಲು ಶಾಸನದ ಸಾರಾಂಶವನ್ನು ಓದಿಸಿ, ಬಳಿಕ ಬಣ್ಣವನ್ನು ಕೊಡೋಣ. ಗಂಡರಾದಿತ್ಯನ ಕೆರೆಯಲ್ಲಿ ಮೂವರ ನೆರಳೂ ಒಟ್ಟಿಗೆ ಬಿದ್ದಿದ್ದುದನ್ನು ಮಕ್ಕಳು ತಾವೇ ಕಂಡುಕೊಳ್ಳುವರು.