ಗಲ್ಲಾಪೆಟ್ಟಿಗೆಯ ಮೇಲಿನ ಕಣ್ಣು

ಕಾರವಾರ-ಅಂಕೋಲೆಯ ಹೆದ್ದಾರಿಯಲ್ಲಿ ಚಹಕ್ಕೆಂದು ಹೋಟೆಲು ಹೊಕ್ಕವರನ್ನು ಈಗ ಸಾಮಾನ್ಯವಾಗಿ ಒಂದು ಫಲಕ ಎದುರುಗೊಳ್ಳುತ್ತದೆ: ‘ನೀವು ಕ್ಯಾಮರಾದ ಕಣ್ಗಾವಲಿನಲ್ಲಿದ್ದೀರಿ.’ ಒಂದು ಕಾಲಕ್ಕೆ ಅದೇ ಜಾಗದಲ್ಲಿ ‘ಇಂದು ರೋಖ, ನಾಳೆ ಉದ್ರಿ’ ಎಂದಿರುತ್ತಿತ್ತು. ಹೊಸ ಫಲಕವನ್ನು ಓದಿದ ಗಿರಾಕಿ ತುಸು ನೆಟ್ಟಗೆ ಕುಳಿತುಕೊಳ್ಳುತ್ತಾನೆ. ಆದರೆ ತಲೆಯೆತ್ತಿ ನೋಡಿದರೆ ಕ್ಯಾಮರಾಗಳ ದೃಷ್ಟಿ ಹೆಚ್ಚಾಗಿ ಬೇರೆ ಕಡೆಗಿರುವುದು ಗೋಚರಿಸೀತು. ಗಲ್ಲಾಪೆಟ್ಟಿಗೆಯ ಮೇಲೊಂದು, ಅಡಿಗೆಮನೆಯ ಕಿಟಕಿಗೊಂದು, ಉಗ್ರಾಣದ ಹಿಂಬಾಗಿಲಿಗೊಂದು. ಯಜಮಾನರು ಕಾಯುತ್ತಿರುವುದು ಬಹುಮಟ್ಟಿಗೆ ತಮ್ಮ ಕೆಲಸದವರನ್ನೇ. ಈ ಕಾವಲಿನಿಂದ ಕಳವು ನಿಲ್ಲುತ್ತದೆಯೆ, ನಿಲ್ಲುವುದಾದರೆ ಹೇಗೆ, ಎಂಬುದನ್ನು ಕೇಳುಗರೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ನಾನು ಹಾರವಾಡದವನು, ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವನು. ಸಂಬಳ ಸಾಲದ ದಿನಗಳಲ್ಲಿ ಸಂಜೆಯ ಹೊತ್ತು ಹೆದ್ದಾರಿಯ ಬದಿಯ ಒಂದು ಹೋಟೆಲಿನ ಲೆಕ್ಕ ಬರೆಯುತ್ತಿದ್ದೆ. (ಸರಕಾರಿ ನೌಕರನು ಹಾಗೆ ಮಾಡಬಾರದೆಂಬುದು ಆಗಲೂ ನನಗೆ ತಿಳಿದಿತ್ತು.) ಹೋಟೆಲು, ಅಂಗಡಿಗಳ ಕಳವಿನ ಬಗೆಗೆ ನನಗಿರುವ ತಿಳಿವಳಿಕೆಯ ಮೂಲ ಅದು.

ಹಳೆಯ ಹೋಟೆಲುಗಳಲ್ಲಿ ಕಾವಲಿನ ಕೆಲಸವನ್ನು ಕಿವಿ ಮಾಡುತ್ತಿತ್ತು. ಗಿರಾಕಿ ಕೈತೊಳೆದು ಗಲ್ಲಾದ ಹತ್ತಿರ ಬರುವಷ್ಟರಲ್ಲಿ ಸಪ್ಲಾಯರನು ತಾನು ನಿಂತಲ್ಲಿಂದಲೇ, ‘ಬಿಳಿ ಅಂಗಿ, ಒಂದು ಎಪ್ಪತ್ತೈದು!’ ಎಂದು ಕೂಗಿಬಿಡುತ್ತಿದ್ದ. ಆ ಮೊತ್ತವನ್ನು ಯಜಮಾನರು ಕೇಳಿದರು, ಗಿರಾಕಿ ಕೇಳಿದ, ಪಕ್ಕದ ಮೇಜಿನವರೂ ಕೇಳಿದರು. ಇಷ್ಟು ಜನ ಕೇಳಿದ ಮೇಲೆ ಒಂದು ಎಪ್ಪತ್ತೈದು ಒಂದು ಇಪ್ಪತ್ತೈದಾಗುವುದು ಕಷ್ಟ. ಮುಂದೆ ಮೊದಲೇ ಹಣ ಕಟ್ಟಿ ಚೀಟಿ ಪಡೆಯುವ ಪದ್ಧತಿ ಬಂತು. ಬೆಂಗಳೂರಿನ ದರ್ಶಿನಿಗಳು ಅದನ್ನು ಊರೂರಿಗೂ ಹಬ್ಬಿಸಿದವು. ಅಲ್ಲಿ ಹಣ ಮುಟ್ಟುವವನು ತಿಂಡಿ ಮುಟ್ಟುವುದಿಲ್ಲ, ತಿಂಡಿ ಕೊಡುವವನು ಹಣ ಮುಟ್ಟುವುದಿಲ್ಲ. ರಾತ್ರಿ ಇಬ್ಬರ ಲೆಕ್ಕವೂ ಒಂದಕ್ಕೊಂದು ತಾಳೆಯಾಗಬೇಕು.

ಅಮೆರಿಕೆಯಲ್ಲಿಯೂ ಇದೇ ಚಿಂತೆಯಿಂದ ಒಂದು ಯಂತ್ರ ಹುಟ್ಟಿತು. ಡೇಟನ್ ಎಂಬ ಊರಿನಲ್ಲಿ ಜೇಮ್ಸ್ ರಿಟ್ಟಿ ಎಂಬವನ ಪಾನಗೃಹವಿತ್ತು. ವ್ಯಾಪಾರ ಚೆನ್ನಾಗಿಯೇ ನಡೆದರೂ ಆಳುಗಳ ಕೈಚಳಕದಿಂದ ಲಾಭ ಕೈಗೆ ಹತ್ತುತ್ತಿರಲಿಲ್ಲ. 1878ರಲ್ಲಿ ಯುರೋಪಿಗೆ ಹೊರಟಾಗ ಹಡಗಿನ ಚಾಲಕಚಕ್ರದ ಸುತ್ತುಗಳನ್ನು ತಾನಾಗಿ ಎಣಿಸುವ ಸಾಧನವನ್ನು ಕಂಡು, ಹಣವನ್ನೂ ಹೀಗೇಕೆ ಎಣಿಸಬಾರದು ಎಂದುಕೊಂಡ. ಮರುವರ್ಷವೇ ಸೋದರನೊಡನೆ ಸೇರಿ ಆ ಯಂತ್ರಕ್ಕೆ ಪೇಟೆಂಟು ಪಡೆದ. 1884ರಲ್ಲಿ ಜಾನ್ ಪ್ಯಾಟರ್‌ಸನ್ ಎಂಬ ವ್ಯಾಪಾರಿ ಆ ಉದ್ಯಮವನ್ನು ಕೊಂಡು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯನ್ನು ಬೆಳೆಸಿದ. ಈ ಯಂತ್ರದ ಖ್ಯಾತಿಗೆ ಅದರ ಗಂಟೆಯೂ ಕಾರಣ: ಪೆಟ್ಟಿಗೆ ತೆರೆದಾಗಲೆಲ್ಲ ಅದು ಬಾರಿಸುತ್ತಿತ್ತು. ನಮ್ಮ ಸಪ್ಲಾಯರನ ಕೂಗಿಗೂ ಆ ಗಂಟೆಗೂ ಕೆಲಸ ಒಂದೇ.

ಇನ್ನು ಕಳವಿನ ಬಗೆಗಳು. ಪೆಟ್ಟಿಗೆಗೆ ಕೈಹಾಕಿ ನೋಟು ಎತ್ತುವವನು ದಡ್ಡ. ಅವನು ಬೇಗ ಸಿಕ್ಕುತ್ತಾನೆ. ಬಲ್ಲವನು ಬಿಲ್ಲನ್ನೇ ಮಾಡದೆ ಹಣ ಪಡೆಯುತ್ತಾನೆ. ಇಲ್ಲವೆ, ಬಿಲ್ಲು ಮಾಡಿ ಗಿರಾಕಿ ಹೋದ ಮೇಲೆ ಅದನ್ನು ರದ್ದುಗೊಳಿಸುತ್ತಾನೆ. ಚೀಟಿಯ ಪದ್ಧತಿಯಲ್ಲಿ ಅಡಿಗೆಮನೆಯವನು ಚೀಟಿಯನ್ನು ಹರಿಯದೆ ಗಲ್ಲಾದವನಿಗೆ ಹಿಂದಿರುಗಿಸಿದರೆ ಅದೇ ಚೀಟಿ ಮತ್ತೊಮ್ಮೆ ಮಾರಾಟವಾಗುತ್ತದೆ. ಚೀಟಿಯನ್ನು ಕೂಡಲೇ ಮೊಳೆಗೆ ಚುಚ್ಚಬೇಕೆಂಬ ಕಟ್ಟಳೆ ಅದಕ್ಕಾಗಿಯೇ ಬಂದುದು. ಕಿರಾಣಿ ಅಂಗಡಿಯಲ್ಲಿ ನೆಂಟನಿಗೆ ಐದು ಸಾಮಾನು ಕಟ್ಟಿ ಮೂರಕ್ಕೆ ಬಿಲ್ಲು ಮಾಡುವುದುಂಟು. ಎಣ್ಣೆಯ ಡಬ್ಬ ಕಸದ ಬುಟ್ಟಿಯೊಳಗೆ ಕುಳಿತು ಹಿಂಬಾಗಿಲಿನಿಂದ ಹೋಗುವುದೂ ಉಂಟು. ಇತ್ತೀಚಿನದೆಂದರೆ, ಅಂಗಡಿಯ ಕ್ಯು.ಆರ್. ಚೀಟಿಯ ಬದಲು ತನ್ನದೇ ಚೀಟಿಯನ್ನು ಗಿರಾಕಿಯ ಮುಂದೆ ಹಿಡಿಯುವುದು.

ಇವುಗಳಲ್ಲಿ ಕ್ಯಾಮರಾ ಕಾಣಬಲ್ಲುದೆಷ್ಟು? ಹಿಂಬಾಗಿಲಿನ ಕಳವನ್ನು ಅದು ಚೆನ್ನಾಗಿ ಕಾಣುತ್ತದೆ. ಗಲ್ಲಾದ ಕಳವನ್ನು ಕಾಣುವುದು ಅಷ್ಟು ಸುಲಭವಲ್ಲ. ಹಣ ತೆಗೆದುಕೊಳ್ಳುವ ಕೈ, ಚಿಲ್ಲರೆ ಕೊಡುವ ಕೈ, ಕದಿಯುವ ಕೈ, ಮೂರೂ ಚಿತ್ರದಲ್ಲಿ ಒಂದೇ ಬಗೆಯವು. ಮೂಲೆಯ ಮಾಳಿಗೆಯಿಂದ ಇಡೀ ಕೋಣೆಯನ್ನು ನೋಡುವ ಕಣ್ಣಿಗೆ ನೂರರ ನೋಟಿಗೂ ಐನೂರರ ನೋಟಿಗೂ ಭೇದ ತಿಳಿಯದು. ಗಲ್ಲಾದ ನೇರ ಮೇಲೆ, ಸಮೀಪದಲ್ಲಿ ಇನ್ನೊಂದು ಬೇಕು. ಮೇಲಾಗಿ, ನಾಲ್ಕು ಕ್ಯಾಮರಾಗಳು ದಿನಕ್ಕೆ 14 ತಾಸು ಓಡಿದರೆ 56 ತಾಸಿನ ಚಿತ್ರವಾಗುತ್ತದೆ. ಅದನ್ನು ನೋಡಿ ಮುಗಿಸಲು ಯಾವ ಯಜಮಾನನಿಂದಲೂ ಆಗದು. ತಬಕು ತುಂಬಿದಂತೆ ಹಳೆಯ ಚಿತ್ರ ತಾನಾಗಿ ಅಳಿಯುತ್ತದೆ. ಕರ್ನಾಟಕದಲ್ಲಿ 2017ರಲ್ಲಿ ಬಂದ ಸಾರ್ವಜನಿಕ ಸುರಕ್ಷತೆಯ ಕಾನೂನು ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ ಕ್ಯಾಮರಾವನ್ನು ಕಡ್ಡಾಯಗೊಳಿಸಿ, ಚಿತ್ರವನ್ನು 30 ದಿನ ಕಾಯ್ದಿಡಲು ಹೇಳಿತು. ನಮ್ಮ ಕರಾವಳಿಯ ಉಪ್ಪುಗಾಳಿ ತಂತಿಯ ಗಂಟುಗಳನ್ನು ತಿನ್ನುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬರುವಾಗ ಯಂತ್ರದ ಗಡಿಯಾರವೂ ಕೆಲವೊಮ್ಮೆ ಹಿಂದೆ ಬೀಳುತ್ತದೆ. ಇದು ಚಿಕ್ಕ ಸಂಗತಿಯೆಂದು ಕೇಳುಗರು ತಿಳಿಯಬಾರದು. ಕ್ಯಾಮರಾದ ಗಡಿಯಾರಕ್ಕೂ ಬಿಲ್ಲಿನ ಯಂತ್ರದ ಗಡಿಯಾರಕ್ಕೂ ಹತ್ತು ನಿಮಿಷದ ಅಂತರ ಬಿದ್ದರೆ ಒಬ್ಬನ ಬಿಲ್ಲು ಇನ್ನೊಬ್ಬನ ಮುಖಕ್ಕೆ ಅಂಟಿಕೊಳ್ಳುತ್ತದೆ.

ಆದುದರಿಂದ ಕ್ಯಾಮರಾ ಉಪಯೋಗಕ್ಕೆ ಬರುವುದು ಲೆಕ್ಕವನ್ನು ಕೈಯಲ್ಲಿ ಹಿಡಿದು ನೋಡಿದಾಗ. ರದ್ದಾದ ಬಿಲ್ಲುಗಳಾವುವು, ಬಿಲ್ಲಿಲ್ಲದೆ ಪೆಟ್ಟಿಗೆ ತೆರೆದುದು ಎಷ್ಟು ಗಂಟೆಗೆ, ಎಂಬುದನ್ನು ಮೊದಲು ಪುಸ್ತಕದಲ್ಲಿ ಗುರುತಿಸಿ, ಆ ಎರಡೆರಡು ನಿಮಿಷಗಳ ಚಿತ್ರವನ್ನಷ್ಟೇ ನೋಡಬೇಕು. ಅಮೆರಿಕೆಯ ಮೂವರು ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. 392 ಹೋಟೆಲುಗಳಲ್ಲಿ ಬಿಲ್ಲುಗಳನ್ನು ಪರೀಕ್ಷಿಸಿ ಅನುಮಾನಾಸ್ಪದವಾದುದನ್ನು ಮೇಲ್ವಿಚಾರಕನಿಗೆ ತಿಳಿಸುವ ಗಣಕ ವ್ಯವಸ್ಥೆಯನ್ನು ಅಳವಡಿಸಿದ್ದರು. ಗುರುತಿಸಬಹುದಾದ ಕಳವು ಶೇಕಡಾ 22ರಷ್ಟು ಇಳಿಯಿತು. ಅದಕ್ಕಿಂತ ಮಿಗಿಲಾಗಿ, ಒಟ್ಟು ಆದಾಯ ಶೇಕಡಾ 7ರಷ್ಟು ಏರಿತು. ಕೆಟ್ಟವರನ್ನು ಕಳಿಸಿ ಒಳ್ಳೆಯವರನ್ನು ತಂದುದರಿಂದ ಆದುದಲ್ಲ ಇದು. ಬಹುಪಾಲು ಅದೇ ಹಳೆಯ ಕೆಲಸದವರೇ, ಕಳವಿನ ದಾರಿ ಮುಚ್ಚಿದ ಮೇಲೆ, ಗಿರಾಕಿಯ ಕಡೆಗೆ ಹೆಚ್ಚು ಗಮನ ಕೊಟ್ಟರು. ಆ ವ್ಯವಸ್ಥೆಯನ್ನು ತಯಾರಿಸಿದ ಕಂಪನಿ ಪ್ಯಾಟರ್‌ಸನ್ ಬೆಳೆಸಿದ ಅದೇ ಕಂಪನಿ ಎಂಬುದು ಒಂದು ಸ್ವಾರಸ್ಯ.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳಬೇಕು. 1986ರ ಒಂದು ಸಂಜೆ ಗಲ್ಲಾದಲ್ಲಿ 120 ರೂಪಾಯಿ ಕಡಿಮೆ ಬಂತು. ಮಧ್ಯಾಹ್ನ ಗಲ್ಲಾದಲ್ಲಿ ಕೂತಿದ್ದವನು ಹಾರವಾಡದವನೇ ಆದ ಒಬ್ಬ ತರುಣ. ನನ್ನ ಶಾಲೆಯಲ್ಲಿ ಓದಿದವನು. ಯಜಮಾನರು, ‘ಮಾಸ್ತರೇ, ಲೆಕ್ಕ ಎಂತ ಹೇಳ್ತದೆ?’ ಎಂದರು. ‘ನೂರಿಪ್ಪತ್ತು ಕಡಿಮೆ ಉಂಟು’ ಎಂದೆ. ಅವನು ನನ್ನ ಕಡೆಗೆ ತಿರುಗಿ, ‘ಮಾಸ್ತರೇ, ನಾನು ಮುಟ್ಟಲಿಲ್ಲ’ ಎಂದ. ನಾನು ಪುಸ್ತಕವನ್ನು ನೋಡುತ್ತ ಸುಮ್ಮನಿದ್ದೆ. ಅದೇ ರಾತ್ರಿ ಅವನನ್ನು ಕಳಿಸಿಬಿಟ್ಟರು. ಮೂರು ವಾರಗಳ ಮೇಲೆ ಹಾಲಿನವನ ತಿಂಗಳ ಲೆಕ್ಕ ಬಂದಾಗ ಅದರಲ್ಲಿ ಆ ದಿನದ ತಾರೀಖಿಗೆ 120 ರೂಪಾಯಿ ಜಮೆಯಾಗಿತ್ತು. ಮನೆಯವರೊಬ್ಬರು ಗಲ್ಲಾದಿಂದ ತೆಗೆದು ಕೊಟ್ಟು ಚೀಟಿ ಬರೆಯಲು ಮರೆತಿದ್ದರು. ನಾನು ಕೆಂಪು ಶಾಯಿಯಲ್ಲಿ ಪುಸ್ತಕವನ್ನು ತಿದ್ದಿದೆ. ಅಷ್ಟರೊಳಗೆ ಅವನು ಗೋವೆಗೆ ಹೋಗಿ ಆಗಿತ್ತು. ಊರಿನಲ್ಲಿ ಅವನ ತಾಯಿ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದಳು.

ಅಂದು ಅಲ್ಲಿ ಕ್ಯಾಮರಾ ಇದ್ದಿದ್ದರೆ ಅವನು ಉಳಿಯುತ್ತಿದ್ದ. ಹೀಗಾಗಿ ಅದು ಕೆಡುಕಿನ ಯಂತ್ರವೆಂದು ನಾನು ಹೇಳಲಾರೆ. ಆದರೆ ಆ ಚಿತ್ರವನ್ನು ನೋಡುವವರು ಯಾರು? ಯಜಮಾನರು ಮಾತ್ರ ನೋಡಬಹುದೆಂದಾದರೆ ಅವರು ಹುಡುಗನ ಕೈಯನ್ನಷ್ಟೇ ಹುಡುಕುತ್ತಿದ್ದರು. ಮನೆಯವರ ಕೈ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಸಪ್ಲಾಯರನ ಕೂಗು ಎಲ್ಲರದಾಗಿತ್ತು. ಕ್ಯಾಮರಾದ ನೋಟ ಒಬ್ಬರ ಮೊಬೈಲಿನೊಳಗೆ ಸೇರಿಹೋಗಿದೆ. ಹಣ ಬಂದೊಡನೆ ಮೊತ್ತವನ್ನು ಗಟ್ಟಿಯಾಗಿ ಹೇಳುವ ಚಿಕ್ಕ ಪೆಟ್ಟಿಗೆಯೊಂದು ಯು.ಪಿ.ಐ. ಜೊತೆಗೆ ಅಂಗಡಿಗಳಿಗೆ ಬಂದಿದೆಯಲ್ಲ, ಹಳೆಯ ಗಂಟೆಯ ನಿಜವಾದ ವಾರಸುದಾರ ಅದು, ಬೇರೆಯವರ ಕ್ಯು.ಆರ್. ಚೀಟಿ ಹಿಡಿದರೆ ಅದು ಮೌನವಾಗಿರುತ್ತದೆ, ಆ ಮೌನವೂ ಎಲ್ಲರಿಗೂ ಕೇಳಿಸುತ್ತದೆ.

ಆಳಿನ ಕಳವನ್ನು ಕಾನೂನು ಬಿಗಿಯಾಗಿಯೇ ಕಂಡಿದೆ. ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ ಸೆರೆಯಾದರೆ, ನೌಕರನು ಯಜಮಾನನ ವಸ್ತುವನ್ನು ಕದ್ದರೆ ಏಳು ವರ್ಷದವರೆಗೆ. 1860ರ ದಂಡಸಂಹಿತೆಯಲ್ಲಿ 381ನೆಯ ಕಲಮಾಗಿದ್ದುದು 2024ರ ಜುಲೈ 1ರಿಂದ ನ್ಯಾಯಸಂಹಿತೆಯ 306ನೆಯದಾಗಿದೆ. ಹಾರವಾಡದಿಂದ ಬೇಲೆಕೇರಿ ದೂರವಿಲ್ಲ. ಅಲ್ಲಿಯ ಬಂದರಿನಲ್ಲಿ ಜಪ್ತು ಮಾಡಿಟ್ಟಿದ್ದ ಕಬ್ಬಿಣದ ಅದಿರು 2010ರಲ್ಲಿ ಲಕ್ಷಗಟ್ಟಲೆ ಟನ್ನು ಹಡಗೇರಿ ಹೋಯಿತು. ನೂರಿಪ್ಪತ್ತು ರೂಪಾಯಿಯ ಮಾತು ಬಂದಾಗಲೆಲ್ಲ ನನಗೆ ಅದೂ ನೆನಪಾಗುತ್ತದೆ.

ಅಂಕೋಲೆಯಲ್ಲಿ ಕಿರಾಣಿ ಅಂಗಡಿಯಿಟ್ಟಿರುವ ನನ್ನ ಸೋದರಳಿಯ ಹೋದ ವರ್ಷ ಐದು ಕ್ಯಾಮರಾ ತಂದು, ‘ಮಾವ, ಎಲ್ಲೆಲ್ಲಿ ಹಾಕಲಿ?’ ಎಂದು ಕೇಳಿದ. ಹಿಂಬಾಗಿಲಿಗೊಂದು, ಗಲ್ಲಾದ ನೇರ ಮೇಲೊಂದು ಹಾಕು. ಸೋಮವಾರ ಸೋಮವಾರ ಎರಡೂ ಗಡಿಯಾರಗಳನ್ನು ಕೂಡಿಸಿ ನೋಡು. ಹಣ ಕಡಿಮೆ ಬಂದ ದಿನ ಚಿತ್ರವನ್ನು ಹುಡುಗರ ಜೊತೆಗೆ ಕೂತೇ ನೋಡು. ಮನೆಯವರು ಗಲ್ಲಾ ಮುಟ್ಟಿದರೂ ಚೀಟಿ ಬರೆಯಲಿ, ಎಂದೆ. ಹುಡುಗರು ಬುತ್ತಿ ಬಿಚ್ಚಿ ಉಣ್ಣುವ ಕೋಣೆಯಲ್ಲಿ ಅವನು ಒಂದನ್ನು ಆಗಲೇ ಹಾಕಿಸಿದ್ದ. ಅದನ್ನು ತೆಗೆ ಎಂದಾಗ ಸ್ವಲ್ಪ ಚರ್ಚೆಯಾಯಿತು. ಕಡೆಗೆ ತೆಗೆದ, ಅದರ ತಂತಿ ಮಾತ್ರ ಇನ್ನೂ ಗೋಡೆಯ ಮೇಲೆ ಇಳಿಬಿದ್ದಿದೆ.