ಪಶುವೈದ್ಯರ ಮೇಲೆ ದೂರು ಕೊಡಬೇಕಾಗಿ ಬಂದಾಗ

ಹಾಲು ಕೊಡುವ ದನ ಸತ್ತರೆ ಸೊಸೈಟಿಯಿಂದ ಬರುತ್ತಿದ್ದ ಹಣ ನಿಲ್ಲುತ್ತದೆ, ತೋಟಕ್ಕೆ ಗೊಬ್ಬರವಿಲ್ಲ, ದನಕ್ಕಾಗಿ ತೆಗೆದ ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಅದರ ಮೇಲೆ "ಡಾಕ್ಟರು ಸರಿಯಾಗಿ ನೋಡಲಿಲ್ಲ" ಎಂಬ ಸಂಶಯ ಬಂದರೆ ಮನೆಯವರ ಸಂಕಟ ಇಮ್ಮಡಿಯಾಗುತ್ತದೆ. ಆದರೂ ನಮ್ಮಲ್ಲಿ ಹೆಚ್ಚಿನವರು ದೂರು ಕೊಡುವುದಿಲ್ಲ. ಹತ್ತಿರದಲ್ಲಿರುವುದು ಒಂದೇ ಮೃಗಾಸ್ಪತ್ರೆ, ಒಬ್ಬರೇ ಡಾಕ್ಟರು. ನಾಳೆ ಇನ್ನೊಂದು ದನ ಕರು ಹಾಕಲು ಕಷ್ಟಪಟ್ಟರೆ ಅವರನ್ನೇ ಕರೆಯಬೇಕಲ್ಲ ಎಂಬ ಹೆದರಿಕೆ. ಇನ್ನು ಕೆಲವರು ಆಸ್ಪತ್ರೆಯ ಜಗಲಿಯಲ್ಲಿ ಬಾಯಿಗೆ ಬಂದಂತೆ ಬೈದು ಬರುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಕೃಷಿಕರು ಇಂತಹ ಸಂದರ್ಭದಲ್ಲಿ ಏನು ಮಾಡಬಹುದು ಎಂಬುದನ್ನು ಈ ಸಲ ನೋಡೋಣ.

ಮೊದಲಿಗೆ, ಚಿಕಿತ್ಸೆ ಫಲಿಸದಿರುವುದು ಬೇರೆ, ಚಿಕಿತ್ಸೆಯಲ್ಲಿ ತಪ್ಪಾಗುವುದು ಬೇರೆ. ಹಾಲು ಜ್ವರದ ಉದಾಹರಣೆ ತೆಗೆದುಕೊಳ್ಳಿ. ಕರು ಹಾಕಿದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲಿನ ದನ ನೆಲ ಹಿಡಿಯುತ್ತದೆ, ಕಿವಿ ತಣ್ಣಗಾಗುತ್ತದೆ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಿದರೆ ಹೆಚ್ಚಿನವು ಎದ್ದು ನಿಲ್ಲುತ್ತವೆ. ಸಕಾಲದಲ್ಲಿ ಕೊಟ್ಟರೂ ಕೆಲವು ಏಳುವುದಿಲ್ಲ. ಕ್ಯಾಲ್ಸಿಯಂ ಅತಿ ವೇಗವಾಗಿ ಹೋದರೆ ಹೃದಯವೇ ನಿಲ್ಲಬಹುದು. ಆದುದರಿಂದ ಅದನ್ನು ಮೈಬಿಸಿಗೆ ತಂದು, ಎದೆಬಡಿತ ಕೇಳುತ್ತಾ ನಿಧಾನವಾಗಿ ಕೊಡುವುದು ಕ್ರಮ. "ಬಾಟಲಿ ಏರಿಸುವಾಗಲೇ ಸತ್ತಿತು" ಎಂಬುದಷ್ಟೇ ಡಾಕ್ಟರರ ತಪ್ಪಿಗೆ ಸಾಕ್ಷಿಯಲ್ಲ. ಆದರೆ ಸ್ಟೆತಸ್ಕೋಪು ಮುಟ್ಟದೆ ಎರಡೇ ನಿಮಿಷದಲ್ಲಿ ಇಡೀ ಬಾಟಲಿ ಖಾಲಿ ಮಾಡಿದ್ದರೆ ಅದು ಖಂಡಿತ ಕೇಳಬೇಕಾದ ಪ್ರಶ್ನೆ. ಒಂದು ಸಲದ ಕೃತಕ ಗರ್ಭಧಾರಣೆಗೆ ಗಬ್ಬ ನಿಲ್ಲದಿರುವುದು ದೂರಿನ ವಿಷಯವಲ್ಲ. ಕರ್ತವ್ಯದ ವೇಳೆಯಲ್ಲಿ ಬರುತ್ತೇನೆಂದು ಹೇಳಿ ಬಾರದಿರುವುದು, ದನವನ್ನು ಮುಟ್ಟಿ ನೋಡದೆ ಮದ್ದು ಬರೆಯುವುದು, ಬೀಳದ ಕಸವನ್ನು ಬಲವಂತದಿಂದ ಎಳೆಯುವುದು, ಆಂಟಿಬಯೋಟಿಕ್ ಚುಚ್ಚಿ ಎಷ್ಟು ದಿನ ಹಾಲು ಸೊಸೈಟಿಗೆ ಹಾಕಬಾರದೆಂದು ತಿಳಿಸದಿರುವುದು, ಇವು ದೂರಿನ ವಿಷಯಗಳು.

ದೂರು ನಿಲ್ಲುವುದೂ ಬೀಳುವುದೂ ಮೊದಲ ದಿನ ನೀವು ಏನನ್ನು ತೆಗೆದಿಟ್ಟಿರಿ ಎಂಬುದರ ಮೇಲೆ. ನಮ್ಮವರು ದನ ಸತ್ತ ಕೂಡಲೇ ಹೊಂಡ ತೋಡಿ ಹೂಳುತ್ತಾರೆ, ಮದ್ದಿನ ಬಾಟಲಿಗಳನ್ನು ತೆಂಗಿನ ಬುಡಕ್ಕೆ ಎಸೆಯುತ್ತಾರೆ. ಅಲ್ಲಿಗೆ ಪ್ರಕರಣ ಮುಗಿಯಿತು. ಖಾಲಿ ಬಾಟಲಿ, ಮದ್ದಿನ ಚೀಟಿ, ಅಂಗಡಿಯ ಬಿಲ್ಲು ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಡಿ. ಬಾಟಲಿಯ ಮೇಲಿನ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕದ ಫೋಟೋ ತೆಗೆಯಿರಿ. ಯಾವಾಗ ಫೋನ್ ಮಾಡಿದಿರಿ, ಡಾಕ್ಟರು ಎಷ್ಟು ಗಂಟೆಗೆ ಬಂದರು, ಏನು ಕೊಟ್ಟರು, ಆಗ ಹಟ್ಟಿಯಲ್ಲಿ ಯಾರಿದ್ದರು ಎಂಬುದನ್ನು ಅಂದೇ ರಾತ್ರಿ ಮಕ್ಕಳ ನೋಟ್ ಪುಸ್ತಕದಲ್ಲಾದರೂ ಬರೆದಿಡಿ.

ಎಲ್ಲಕ್ಕಿಂತ ಮುಖ್ಯ ಮರಣೋತ್ತರ ಪರೀಕ್ಷೆ. ಅದಿಲ್ಲದೆ ದನ ಏತಕ್ಕೆ ಸತ್ತಿತೆಂದು ಯಾರೂ ಖಚಿತವಾಗಿ ಹೇಳಲಾರರು. ನಮ್ಮ ಸೆಕೆಯಲ್ಲಿ ಶವ ಬೇಗ ಕೊಳೆಯುತ್ತದೆ, ತಡಮಾಡಬಾರದು. ಚಿಕಿತ್ಸೆ ಮಾಡಿದ ಡಾಕ್ಟರರ ಮೇಲೆಯೇ ಸಂಶಯವಿದ್ದರೆ, ಬೇರೆ ಡಾಕ್ಟರರನ್ನು ಕಳುಹಿಸಬೇಕೆಂದು ಜಿಲ್ಲಾ ಮೃಗಸಂರಕ್ಷಣಾ ಅಧಿಕಾರಿಯವರ ಕಚೇರಿಗೆ ಫೋನ್ ಮಾಡಿ ವಿನಂತಿಸಿ, ಅದನ್ನೇ ಎರಡು ಸಾಲಿನಲ್ಲಿ ಬರೆದೂ ಕೊಡಿ. ವಿಮೆ ಇದ್ದರೆ ಹೂಳುವ ಮೊದಲೇ ವಿಮಾ ಕಂಪೆನಿಗೆ ತಿಳಿಸಬೇಕು. ಕಿವಿಯ ಓಲೆಯನ್ನು ಜೋಪಾನವಾಗಿ ಇಡಿ, ಓಲೆ ಇಲ್ಲದೆ ವಿಮೆಯ ಹಣ ಸಿಗುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ. ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಅಂತ್ರಾಕ್ಸ್, ಆಗಿರಬಹುದು. ಅಂತಹ ಶವವನ್ನು ಕೊಯ್ಯಲೇ ಬಾರದು, ಚರ್ಮ ಸುಲಿಯಬಾರದು. ಅದು ಮನುಷ್ಯರಿಗೂ ತಗಲುತ್ತದೆ. ಇಂತಹ ದನವನ್ನು ಕೊಯ್ದು ನೋಡಲು ಡಾಕ್ಟರು ಒಪ್ಪದಿದ್ದರೆ ಅವರು ಸರಿಯಾದುದನ್ನೇ ಮಾಡಿದ್ದಾರೆ.

ಇನ್ನು ದೂರು ಯಾರಿಗೆ? ಇದರಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. ಒಂದೊಂದು ಬಾಗಿಲಲ್ಲಿ ಒಂದೊಂದು ಮಾತ್ರ ಸಿಗುತ್ತದೆ. ಸರಕಾರಿ ಡಾಕ್ಟರರು ಕರ್ತವ್ಯ ತಪ್ಪಿದರೆ ದೂರು ಜಿಲ್ಲಾ ಮೃಗಸಂರಕ್ಷಣಾ ಅಧಿಕಾರಿಗೆ, ಪ್ರತಿ ಪಂಚಾಯತು ಅಧ್ಯಕ್ಷರಿಗೆ. ಉತ್ತರ ಬಾರದಿದ್ದರೆ ತಿರುವನಂತಪುರದ ನಿರ್ದೇಶಕರಿಗೆ. ಇಲಾಖೆ ವಿಚಾರಣೆ ಮಾಡಬಹುದು, ಶಿಸ್ತು ಕ್ರಮ ಕೈಗೊಳ್ಳಬಹುದು. ನಿಮ್ಮ ದನದ ಬೆಲೆ ಅಲ್ಲಿ ಸಿಗುವುದಿಲ್ಲ. ಸರಕಾರಿ ಇರಲಿ, ಖಾಸಗಿ ಇರಲಿ, ವೃತ್ತಿಧರ್ಮಕ್ಕೆ ವಿರುದ್ಧವಾಗಿ ನಡೆದ ಡಾಕ್ಟರರ ಮೇಲೆ ಕೇರಳ ರಾಜ್ಯ ವೆಟರಿನರಿ ಕೌನ್ಸಿಲಿಗೆ ಬರೆಯಬಹುದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ಡಾಕ್ಟರರು ನೋಂದಾಯಿತರಾಗಿರಬೇಕು, ಅಪರಾಧ ಗಂಭೀರವಾದರೆ ಆ ಪಟ್ಟಿಯಿಂದ ಹೆಸರು ತೆಗೆಯಲೂ ಅವಕಾಶವಿದೆ. ಲೈವ್‌ಸ್ಟಾಕ್ ಇನ್‌ಸ್ಪೆಕ್ಟರರು ಪಶುವೈದ್ಯರಲ್ಲ. ಪ್ರಥಮ ಚಿಕಿತ್ಸೆಯಂತಹ ಸಣ್ಣ ಸೇವೆಗಳನ್ನು ಡಾಕ್ಟರರ ಮೇಲ್ವಿಚಾರಣೆಯಲ್ಲಿ ಅವರು ಮಾಡಬಹುದು. ಯಾರು ಚುಚ್ಚಿದರೂ "ಡಾಕ್ಟರು" ಎನ್ನುವ ಅಭ್ಯಾಸ ನಮಗಿದೆ, ದೂರಿನಲ್ಲಿ ಹಾಗೆ ಬರೆದರೆ ಕೆಲಸ ಕೆಟ್ಟಿತು.

ಪರಿಹಾರದ ಹಣ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಆದರೆ ನೀವು ಶುಲ್ಕ ಕೊಟ್ಟು ಸೇವೆ ಪಡೆದಿರಬೇಕು. ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಗ್ರಾಹಕ ಕಾಯಿದೆಯೊಳಗೆ ಬರುವುದಿಲ್ಲ. ಹೆಸರಿಗೆ ಮಾತ್ರ ಇರುವ ಚೀಟಿಯ ಹಣದಿಂದ ಅದು ಶುಲ್ಕದ ಸೇವೆಯಾಗುವುದಿಲ್ಲವೆಂದು ಮನುಷ್ಯರ ಆಸ್ಪತ್ರೆಗಳ ಕುರಿತು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದೆ. ಆದುದರಿಂದ ಹಣ ಕೊಟ್ಟಲ್ಲಿ ರಶೀದಿ ಕೇಳಲು ನಾಚಬೇಡಿ. ಘಟನೆಯಾದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಕೊಟ್ಟ ಶುಲ್ಕ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗಕ್ಕೆ ಕಟ್ಟಬೇಕಾದದ್ದು ಏನೂ ಇಲ್ಲ. ಒಂದು ದನದ ಚಿಕಿತ್ಸೆಗೆ ಅಷ್ಟು ಕೊಟ್ಟವರು ನಮ್ಮಲ್ಲಿ ಯಾರೂ ಇರಲಾರರು! ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೆ ಬೇರೊಬ್ಬ ನೋಂದಾಯಿತ ಪಶುವೈದ್ಯರ ಲಿಖಿತ ಅಭಿಪ್ರಾಯವಿಲ್ಲದೆ ನಿರ್ಲಕ್ಷ್ಯವನ್ನು ಸ್ಥಾಪಿಸುವುದು ಬಹಳ ಕಷ್ಟ. ಓಡಾಟದ ಖರ್ಚನ್ನೂ ದನದ ಬೆಲೆಯನ್ನೂ ಮೊದಲೇ ತೂಗಿ ನೋಡಿ.

ಬರೆಯುವುದು ಹೇಗೆ? "ಡಾಕ್ಟರು ದುಷ್ಟರು, ದುರಹಂಕಾರಿ" ಎಂದು ಬರೆದ ದೂರನ್ನು ಯಾರೂ ಎರಡನೆಯ ಸಲ ಓದುವುದಿಲ್ಲ. "ಬೆಳಿಗ್ಗೆ 6 ಗಂಟೆಗೆ ದನ ನೆಲ ಹಿಡಿಯಿತು. 7ಕ್ಕೂ 9ಕ್ಕೂ ಫೋನ್ ಮಾಡಿದೆವು, ಬರುತ್ತೇನೆ ಎಂದರು. ಮಧ್ಯಾಹ್ನ 3ಕ್ಕೆ ಬಂದರು. ಜ್ವರ ನೋಡಲಿಲ್ಲ. ಸಂಜೆ 5ಕ್ಕೆ ದನ ಸತ್ತಿತು" ಎಂದು ಬರೆದರೆ ಅಧಿಕಾರಿ ಉತ್ತರ ಕೊಡಲೇ ಬೇಕಾಗುತ್ತದೆ. ದಿನಾಂಕ ಹಾಕಿ, ಕೊನೆಯಲ್ಲಿ ನಿಮಗೆ ಏನಾಗಬೇಕೆಂದು ಒಂದೇ ವಾಕ್ಯದಲ್ಲಿ ಬರೆಯಿರಿ.

ಮಲಯಾಳ ಬಾರದೆಂದು ಹಿಂಜರಿಯಬೇಡಿ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವ ಅಧಿಕಾರಿಗೇ ಆದರೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದ ಭಾಷಾ ಕಾಯಿದೆಯೂ ಇಲಾಖೆಯೊಡನೆ ಕನ್ನಡದಲ್ಲಿ ವ್ಯವಹರಿಸಲು ಕನ್ನಡಿಗರಿಗೆ ಅವಕಾಶ ಕೊಟ್ಟಿದೆ. ಬೇಗ ಕೆಲಸವಾಗಬೇಕೆಂದಿದ್ದರೆ ಮಲಯಾಳದ ಒಂದು ಪ್ರತಿಯನ್ನೂ ಜೊತೆಗಿಡಿ, ಅದು ಬುದ್ಧಿವಂತಿಕೆ, ಕಡ್ಡಾಯವಲ್ಲ. ಬರೆಯಲು ಬಾರದವರಿಗೆ ವಾಳೆಯ ಗುರಿಕಾರರೋ ಓದುವ ಮಕ್ಕಳೋ ನೆರವಾಗಲಿ.

ನಾಳೆ ಡಾಕ್ಟರು ಬಾರದಿದ್ದರೆ ಎಂಬ ಹೆದರಿಕೆಗೂ ಒಂದು ಮಾತು. ಸಾಧ್ಯವಾದರೆ ದೂರಿಗೆ ಮೊದಲು ಡಾಕ್ಟರರನ್ನೇ ಕಂಡು, ಯಾವ ರೋಗ, ಯಾವ ಮದ್ದು, ಏಕೆ ಎಂದು ಕೇಳಿ. ಎಷ್ಟೋ ಸಂಶಯಗಳು ಅಲ್ಲಿಯೇ ಪರಿಹಾರವಾಗುತ್ತವೆ. ಒಬ್ಬರೇ ಹಲವು ಕಡೆ ಓಡಬೇಕಾದ ಅವರ ಕಷ್ಟವೂ ನಮಗೆ ತಿಳಿದದ್ದೇ. ಬೇರೆ ತುರ್ತಿಗೆ 1962 ನಂಬರಿಗೆ ಕರೆದು ಸಂಚಾರಿ ಪಶುಚಿಕಿತ್ಸಾ ವಾಹನವನ್ನು ವಿಚಾರಿಸಬಹುದು.

ದೂರನ್ನು ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿ. ಅಂಚೆಯಲ್ಲಾದರೆ ನೋಂದಾಯಿಸಿ ಕಳುಹಿಸಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, ನಿಮ್ಮ ದೂರಿನ ಮೇಲೆ ಏನು ಕ್ರಮವಾಯಿತೆಂದು ಕೇಳಿ, ಆ ದಿನದ ಚಿಕಿತ್ಸಾ ದಾಖಲೆಯ ನಕಲನ್ನೂ ಕೇಳಿ. ಅದಕ್ಕೆ ಅವರು 30 ದಿನಗಳೊಳಗೆ ಉತ್ತರ ಕೊಡಬೇಕು.