ಹರಿದ ಸೀಟಿನಲ್ಲಿದೆ ಜೀವನೋಪಾಯ

ಬಸ್ಸಿನ ಸೀಟಿನಲ್ಲಿ ಬೆರಳ ತುದಿಯಷ್ಟು ತೂತು ಕಂಡರೆ ಸಾಕು, ಮಕ್ಕಳ ಕೈ ಸುಮ್ಮನಿರುವುದಿಲ್ಲ. ಊರು ತಲುಪುವಷ್ಟರಲ್ಲಿ ತೂತು ಅಂಗೈ ಅಗಲವಾಗಿ, ಒಳಗಿನ ಸ್ಪಂಜು ಹೊರಗೆ ಇಣುಕುತ್ತಿರುತ್ತದೆ. ಈ ಹರುಕನ್ನು ಮುಚ್ಚುವ ಕೆಲಸವನ್ನೇ ನಂಬಿ ಬದುಕುವವರು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಗ್ಯಾರೇಜ್ ಸಾಲಿನವರೆಗೂ ಇದ್ದಾರೆ. ಆಟೊ, ಬೈಕು, ಶಾಲಾ ವಾಹನ, ಆಸ್ಪತ್ರೆಯ ತಪಾಸಣಾ ಮೇಜು, ಕ್ಷೌರದಂಗಡಿಯ ಕುರ್ಚಿ, ಮನೆಯ ಸೋಫಾ ಎಲ್ಲಕ್ಕೂ ಇವರೇ ಬೇಕು.

ಆದರೂ ‘ನಮ್ಮ ಹುಡುಗ ಸೀಟು ಹೊಲಿಯುವುದೇ?’ ಎಂದು ಮೂಗು ಮುರಿಯುವ ಪಾಲಕರುಂಟು. ಇದು ಬರೀ ಸೂಜಿ-ದಾರದ ಕೆಲಸವಲ್ಲ. ವಸ್ತುವಿನ ಗುಣ ಅರಿತು, ಲೆಕ್ಕ ಬರೆದಿಡುವವರಿಗೆ ಒಲಿಯುವ ಕಸುಬು. ಕೈಚಳಕವಿದ್ದೂ ಲೆಕ್ಕ ತಪ್ಪಿದರೆ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ.

ಮೊದಲು ವಸ್ತುವಿನ ಪರೀಕ್ಷೆ

ನಾವು ರೆಕ್ಸಿನ್ ಎನ್ನುವುದು ಬಟ್ಟೆಯ ಮೇಲೆ ಪಿ.ವಿ.ಸಿ. ಲೇಪಿಸಿದ ಹಾಳೆ. ನೀರಿನ ಕೊಳವೆಯೂ ಪಿ.ವಿ.ಸಿ.ಯೇ. ಹಾಗಾದರೆ ಕೊಳವೆ ಗಡುಸು, ಸೀಟು ಮೃದು, ಏಕೆ? ಸೀಟಿನ ಪಿ.ವಿ.ಸಿ.ಗೆ ಮೃದುಗೊಳಿಸುವ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಬಿಸಿಲಿನ ತಾಪಕ್ಕೆ ಅದು ಮೆಲ್ಲಗೆ ಹೊರಹೋದಂತೆ ರೆಕ್ಸಿನ್ ಗಡುಸಾಗಿ ಬಿರಿಯುತ್ತದೆ. ಪದೇ ಪದೇ ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸಿದರೂ ಇದೇ ಗತಿ. ಶುಚಿಗೊಳಿಸಲು ಸೌಮ್ಯವಾದ ಸೋಪಿನ ನೀರು ಸಾಕು.

ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮುನ್ನ ಹರುಕಿನ ಪಕ್ಕದ ಭಾಗವನ್ನು ಮಡಿಸಿ ನೋಡಬೇಕು. ಮೃದುವಾಗಿ ಬಾಗಿದರೆ ತೇಪೆ ನಿಲ್ಲುತ್ತದೆ. ಬಿರುಕು ಮೂಡಿದರೆ ಆ ಭಾಗವನ್ನೇ ಬದಲಿಸಬೇಕು. ತೇಪೆ ಹಾಕಿ ಹಣ ಪಡೆದು, ತಿಂಗಳಲ್ಲಿ ಬೈಗುಳ ತಿನ್ನುವುದಕ್ಕಿಂತ ಇದನ್ನು ಗಿರಾಕಿಗೆ ಮೊದಲೇ ಹೇಳುವುದು ಲೇಸು.

ಸೀಳಿನ ಚೂಪು ತುದಿಯಲ್ಲಿ ಎಳೆತವೆಲ್ಲ ಒಟ್ಟುಗೂಡುವುದರಿಂದ ಸೀಳು ಮುಂದುವರಿಯುತ್ತದೆ. ತುದಿಯನ್ನು ಗುಂಡಗೆ ಕತ್ತರಿಸಿ, ಅಡಿಗೆ ಬಟ್ಟೆ ತೂರಿಸಿ, ಬಾಗುವಂಥ ಅಂಟು ಬಳಸಬೇಕು. ಹೊಲಿಗೆ ತೀರಾ ಒತ್ತಾಗಿಯೂ ಇರಬಾರದು. ಅಂಚೆಚೀಟಿಯ ಅಂಚಿನ ತೂತುಗಳಂತೆ ಒತ್ತಾದ ಹೊಲಿಗೆಯೇ ಹರಿಯಲು ದಾರಿ ಮಾಡಿಕೊಡುತ್ತದೆ. ಬಿಸಿಲಿಗೆ, ತೇವಕ್ಕೆ ಹತ್ತಿಯ ದಾರ ಬಾಳುವುದಿಲ್ಲ. ಪಾಲಿಯೆಸ್ಟರ್ ದಾರ ಮೇಲು.

ಸ್ಪಂಜು ಕೊಳ್ಳುವಾಗ ತಕ್ಕಡಿ ಬಳಸಿ. ‘32 ಡೆನ್ಸಿಟಿ’ ಎಂದರೆ ಒಂದು ಘನ ಮೀಟರ್ ಸ್ಪಂಜಿನ ತೂಕ 32 ಕಿಲೋಗ್ರಾಂ. 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ತುಂಡು ಸುಮಾರು 1,150 ಗ್ರಾಂ ತೂಗಬೇಕು. 800 ಗ್ರಾಂ ತೂಗಿದರೆ ಅದು 32 ಅಲ್ಲ, 22!

ಬೆಲೆ ಕಟ್ಟುವ ಬಗೆ

ಒಂದು ಸೀಟಿಗೆ 900 ರೂಪಾಯಿಯ ಸಾಮಗ್ರಿ, 4 ಗಂಟೆಯ ಕೆಲಸ ಎಂದಿಟ್ಟುಕೊಳ್ಳೋಣ. ಬಾಡಿಗೆ, ವಿದ್ಯುತ್, ಸಾಲದ ಕಂತು ಸೇರಿ ತಿಂಗಳಿಗೆ 9,000 ರೂಪಾಯಿ. 25 ದಿನ, ದಿನಕ್ಕೆ 6 ಗಂಟೆ ಕೆಲಸವೆಂದರೆ 150 ಗಂಟೆ. ಅಂದರೆ ಗಂಟೆಗೆ 60 ರೂಪಾಯಿಯಂತೆ 4 ಗಂಟೆಗೆ ಅಂಗಡಿಯ ಪಾಲು 240. ಗಂಟೆಗೆ 150 ರೂಪಾಯಿಯಂತೆ ಕೂಲಿ 600. ಒಟ್ಟು 1,740. ಕೆಲಸ ಕೆಟ್ಟರೆ ಮತ್ತೆ ಮಾಡಲು ಶೇಕಡಾ 10 ಸೇರಿಸಿದರೆ ಸುಮಾರು 1,900 ರೂಪಾಯಿ. ಪಕ್ಕದ ಅಂಗಡಿಯವನು 1,500 ಹೇಳಿದನೆಂದು ತಾನೂ ಹಾಗೆಯೇ ಹೇಳಿದವನಿಗೆ 4 ಗಂಟೆಯ ದುಡಿಮೆಗೆ ಉಳಿಯುವುದು 360 ಮಾತ್ರ!

ಸಾಮಗ್ರಿಯ ಹಣವನ್ನು ಮುಂಗಡ ಪಡೆಯಿರಿ. ಆಯ್ಕೆಯಾದ ರೆಕ್ಸಿನ್‌ನ ಚೂರನ್ನು ರಸೀದಿಗೆ ಪಿನ್ನು ಮಾಡಿ, ಕೊಡುವ ದಿನಾಂಕ ಬರೆಯಿರಿ. ಬಣ್ಣದ ಜಗಳ ಅಲ್ಲಿಗೇ ಮುಗಿಯಿತು. ಹಳೆಯ ಹೊದಿಕೆಯನ್ನು ಹೊಲಿಗೆ ಬಿಡಿಸಿ ತೆಗೆಯಿರಿ. ಹೊಸದನ್ನು ಕತ್ತರಿಸಲು ಅದೇ ಅಚ್ಚು.

ಆರಂಭಿಸುವ ಮುನ್ನ

18 ವರ್ಷ ತುಂಬಿದ ಮೇಲೆ ಅನುಭವಿಯೊಬ್ಬರ ಬಳಿ ಆರು ತಿಂಗಳಾದರೂ ಕಲಿಯುವುದು ಒಳ್ಳೆಯದು. ಮನೆಯ ಹೊಲಿಗೆ ಯಂತ್ರಕ್ಕೆ ಮೂರು-ನಾಲ್ಕು ಪದರ ರೆಕ್ಸಿನ್ ಜಗ್ಗುವುದಿಲ್ಲ. ದಪ್ಪ ಸಾಮಗ್ರಿಯ ಯಂತ್ರ ಬೇಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ.

ಅಂಟಿನ ಆವಿ ಬೇಗ ಬೆಂಕಿ ಹಿಡಿಯುತ್ತದೆ, ಆರೋಗ್ಯಕ್ಕೂ ಹಾನಿಕರ. ಕಿಟಕಿ ತೆರೆದಿರಲಿ, ಬೀಡಿ-ಬೆಂಕಿ ದೂರವಿರಲಿ. ರೆಕ್ಸಿನ್ ಚೂರುಗಳನ್ನು ಸುಡಬಾರದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ.

ಘನಫಲ, ಸಾಂದ್ರತೆ, ಶೇಕಡಾವಾರು ಎಲ್ಲವೂ ಶಾಲೆಯಲ್ಲಿ ಕಲಿತ ಪಾಠಗಳೇ. ಪರೀಕ್ಷೆಯಲ್ಲಿ ಅಂಕ ತರದ ಆ ಪಾಠ ಇಲ್ಲಿ ಅನ್ನ ತರಬಲ್ಲದು. ಮಗನಿಗೋ ಮಗಳಿಗೋ ಕೈಕೆಲಸದಲ್ಲಿ ಒಲವಿದ್ದರೆ, ಬೇಡವೆನ್ನುವ ಮುನ್ನ ಪಾಲಕರು ಒಮ್ಮೆ ಅವರೊಡನೆ ಇಂಥ ಅಂಗಡಿಗೆ ಹೋಗಿ, ಅರ್ಧ ಗಂಟೆ ನಿಂತು ನೋಡಲಿ.